ಮೀಟರ್ ಹಿಡಿದ ಮೇಲೇ ಮಾತಾಡುವ ರಿಪೇರಿ ಅಂಗಡಿ

ಬೇಸಿಗೆಯಲ್ಲಿ ನಮ್ಮ ತೋಟಕ್ಕೆ ತ್ರೀ ಫೇಸ್ ಕರೆಂಟು ಬರುವುದು ರಾತ್ರಿ. ಹನ್ನೊಂದಕ್ಕೆ ಬಂದರೆ ಹನ್ನೊಂದು, ಎರಡಕ್ಕೆ ಬಂದರೆ ಎರಡು. ಯಜಮಾನರು ವಾರವಿಡೀ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿರುತ್ತಾರೆ. ಮಾವನಿಗೆ ಮಂಡಿ ನೋವು. ಹಾಗಾಗಿ ಮೋಟರು ಹಾಕಲು ಇಳಿಯುವವಳು ನಾನೇ. ಮನೆ ಹಿಂದಿನಿಂದ ಅರುವತ್ತು ಮೆಟ್ಟಿಲು, ಆಮೇಲೆ ಎರಡು ಅಡಿಕೆ ಮರ ಜೋಡಿಸಿದ ಸಂಕ, ಅದನ್ನು ದಾಟಿದರೆ ಪಂಪ್‌ಶೆಡ್ಡು. ಆ ಶೆಡ್ಡಿನ ಬಾಗಿಲ ಹತ್ತಿರ ಎರಡು ಸಲ ಕೊಳಕುಮಂಡಲ ನೋಡಿದ್ದೇನೆ. ಅದಕ್ಕೇ ನನಗೆ ಹಣೆಗೆ ಕಟ್ಟಿಕೊಳ್ಳುವ ಲೈಟು ಅಂದರೆ ಕಾಲಿಗೆ ಚಪ್ಪಲಿ ಇದ್ದ ಹಾಗೆ. ಅದಿಲ್ಲದೆ ಅಂಗಳ ಇಳಿಯುವುದಿಲ್ಲ.

ಏಪ್ರಿಲ್ ಎರಡನೇ ವಾರ ಸಂಕದ ಮಧ್ಯದಲ್ಲಿದ್ದಾಗ ಆ ಲೈಟು ಗಕ್ಕನೆ ಆರಿತು. ಮಂಕಾಗಲಿಲ್ಲ, ಮಿಣುಕಲಿಲ್ಲ. ಇದ್ದಕ್ಕಿದ್ದ ಹಾಗೆ ಕತ್ತಲು. ಸ್ವಿಚ್ ಒತ್ತಿದೆ, ಕೈಯಿಂದ ತಟ್ಟಿದೆ, ಏನೂ ಇಲ್ಲ. ಅಲ್ಲೇ ಕುಕ್ಕರುಗಾಲಿನಲ್ಲಿ ಕೂತೆ. ಕೆಳಗೆ ಹಳ್ಳದ ಕಲ್ಲು. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಕಾದು, ಸಂಕದ ಮೇಲೆ ಕೈಯೂರಿ ಹಿಂದೆ ಬಂದೆ. ಆ ರಾತ್ರಿ ತೋಟಕ್ಕೆ ನೀರು ಬೀಳಲಿಲ್ಲ.

ಮನೆಗೆ ಬಂದು ಚಾರ್ಜಿಗೆ ಹಾಕಿದರೆ ಕೂಡಲೇ ಲೈಟು ಹತ್ತಿತು! ಹತ್ತು ನಿಮಿಷಕ್ಕೆ ಹಸಿರು ದೀಪವೂ ಬಂತು, ಚಾರ್ಜ್ ತುಂಬಿದೆ ಅಂತ. ಮಾರನೇ ದಿನ ಸಂಜೆ ಕೊಟ್ಟಿಗೆಯಲ್ಲಿ ಹತ್ತಿಸಿದೆ, ಮತ್ತೆ ಗಕ್ಕನೆ ಆರಿತು.

ಈ ಲೈಟಿಗೆ ಅದಕ್ಕೂ ಮೊದಲು ಒಂದು ರಿಪೇರಿ ಆಗಿತ್ತು. ಎರಡು ತಿಂಗಳ ಹಿಂದೆ ಪೇಟೆಯಲ್ಲಿ ಒಬ್ಬರ ಹತ್ತಿರ ಕೊಟ್ಟಿದ್ದೆ. ಅವರು ಬ್ಯಾಟರಿ ಬದಲಿಸಿ 350 ರೂಪಾಯಿ ತಗೊಂಡಿದ್ದರು. ಈ ಸಲ ಅವರ ಹತ್ತಿರವೇ ಹೋದಾಗ ಬಿಚ್ಚದೆಯೇ ಹೇಳಿದರು: "ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ." ಹೊಸದಕ್ಕೆ 1,200 ರೂಪಾಯಿ. ದುಡ್ಡಿಗಿಂತ ಹೆಚ್ಚಾಗಿ ಬಿಚ್ಚದೆಯೇ ಹೇಗೆ ಗೊತ್ತಾಯಿತು ಅನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಪಕ್ಕದ ಮನೆಯ ತಂಗಿ ಶಿರಸಿಯ ಬಿಡ್ಕಿಬೈಲಿನ ಕಡೆ ಒಂದು ಸಣ್ಣ ಅಂಗಡಿ ಇದೆ, ಅವಳ ಸ್ಪ್ರೇಯರ್ ಅಲ್ಲೇ ಸರಿಯಾಯಿತು ಅಂದಳು. ಹೋದೆ. ಆ ಅಂಗಡಿಯ ಬಗ್ಗೆಯೇ ಇದನ್ನು ಬರೆಯುತ್ತಿರುವುದು.

ಅಂಗಡಿ ಅಂದರೆ ಹತ್ತಡಿ ಉದ್ದ, ಎಂಟಡಿ ಅಗಲದ ಒಂದು ಕೋಣೆ. ಎದುರಿಗೆ ಎತ್ತರದ ಎರಡು ಮೆಟ್ಟಿಲು. ಒಳಗೆ ಮಿಕ್ಸಿ, ಟ್ರಿಮ್ಮರ್, ಬ್ಲೂಟೂತ್ ಸ್ಪೀಕರ್, ಬ್ಯಾಟರಿ ಸ್ಪ್ರೇಯರ್, ಮಕ್ಕಳ ಕಾರು, ಟಾರ್ಚುಗಳ ಸಾಲು. ಪ್ರತಿಯೊಂದಕ್ಕೂ ದಾರದಲ್ಲಿ ಒಂದು ಚೀಟಿ ಕಟ್ಟಿದೆ. ಚೀಟಿಯಲ್ಲಿ ಊರು, ತಾರೀಕು, ಜೊತೆಗೆ ತೊಂದರೆ ಏನು ಅಂತ ತಂದವರ ಮಾತಿನಲ್ಲೇ ಬರೆದಿರುತ್ತದೆ. "ಚಾರ್ಜ್ ನಿಲ್ಲೋದಿಲ್ಲ." "ಅಲ್ಲಾಡಿಸಿದರೆ ಹತ್ತುತ್ತದೆ." "ಮಳೆಯಲ್ಲಿ ಬಿದ್ದಿತ್ತು." ಮೇಜಿನ ಮೇಲೆ ದೀಪ ಇರುವ ಭೂತಗನ್ನಡಿ, ಮೀಟರು, ಹಳೇ ಹಲ್ಲುಜ್ಜುವ ಬ್ರಶ್ಶು, ಸ್ಪಿರಿಟ್ ಬಾಟಲಿ. ಮೇಜಿನ ಕೆಳಗೆ ಮರಳು ತುಂಬಿದ ಎಣ್ಣೆ ಡಬ್ಬ. ಮೂಲೆಯಲ್ಲಿ ಚಿನ್ನದ ಅಂಗಡಿಯಲ್ಲಿ ಇರುವಂಥ ಸಣ್ಣ ಡಿಜಿಟಲ್ ತಕ್ಕಡಿ. ರಿಪೇರಿ ಅಂಗಡಿಯಲ್ಲಿ ತಕ್ಕಡಿ ಯಾಕೆ ಅಂತ ಆಗ ಗೊತ್ತಾಗಲಿಲ್ಲ.

ಅಂಗಡಿಯವರಿಗೆ ಐವತ್ತೈದರ ಮೇಲೆ ವಯಸ್ಸು. ಲೈಟು ಕೈಗೆ ತಗೊಂಡವರು ಬಿಚ್ಚುವ ಮೊದಲು ಪ್ರಶ್ನೆ ಕೇಳಿದರು.

"ಅಕ್ಕಾ, ಇದು ಮಂಕಾಗ್ತಾ ಹೋಯ್ತಾ, ಗಕ್ಕನೆ ಹೋಯ್ತಾ?"

"ಗಕ್ಕನೆ."

"ತಟ್ಟಿದರೆ ಹತ್ತಿತಾ?"

"ಇಲ್ಲ ಅಣ್ಣಾ. ಚಾರ್ಜಿಗೆ ಹಾಕಿದ ಕೂಡಲೇ ಹತ್ತಿತು."

"ಹಸಿರು ದೀಪ ಎಷ್ಟು ಹೊತ್ತಿಗೆ ಬಂತು?"

"ಹತ್ತು ನಿಮಿಷ."

"ಹಾಗಾದರೆ ಬೋರ್ಡ್ ತನ್ನ ಕೆಲಸ ಮಾಡ್ತಾ ಇದೆ," ಅಂದರು. "ನೋಡೋಣ, ಅಳತೆ ಮಾಡದೆ ಹೇಳಬಾರದು."

ಈ ಮೂರು ಪ್ರಶ್ನೆಗೆ ಎಷ್ಟು ಅರ್ಥ ಇದೆ ಅಂತ ಅವರೇ ಆಮೇಲೆ ಬಿಡಿಸಿ ಹೇಳಿದರು. ಮಂಕಾಗುತ್ತಾ ಆರಿದರೆ ಸೆಲ್ ಖಾಲಿಯಾಗುತ್ತಿದೆ ಅಂತ. ತಟ್ಟಿದರೆ ಹತ್ತಿದರೆ ಎಲ್ಲೋ ಬೆಸುಗೆ ಬಿಟ್ಟಿದೆ, ಅಥವಾ ಸ್ವಿಚ್ ಸವೆದಿದೆ. ಗಕ್ಕನೆ ಆರಿ, ಚಾರ್ಜರ್ ಹಚ್ಚುವವರೆಗೆ ಸತ್ತ ಹಾಗೆ ಬಿದ್ದಿದ್ದರೆ ಅದು ಬೋರ್ಡಿನಲ್ಲಿರುವ ಕಾವಲು ಐಸಿಯ, ಅಂದರೆ ಒಂದು ಪುಟ್ಟ ಚಿಪ್‌ನ ಕೆಲಸ. ಸೆಲ್ಲಿನ ವೋಲ್ಟೇಜು ತೀರಾ ಕೆಳಗೆ ಹೋಯಿತು ಅನ್ನಿಸಿದರೆ ಅದು ಬಾಗಿಲು ಮುಚ್ಚಿಬಿಡುತ್ತದೆ. ಚಾರ್ಜರ್ ಬಂದು ಕರೆದ ಮೇಲೆಯೇ ಮತ್ತೆ ತೆಗೆಯುವುದು. ಇನ್ನು ಹಸಿರು ದೀಪ ಹತ್ತೇ ನಿಮಿಷಕ್ಕೆ ಬಂದರೆ ಸೆಲ್ ತುಂಬಿತು ಅಂತ ಅಲ್ಲ, ಅದರಲ್ಲಿ ತುಂಬಿಕೊಳ್ಳಲು ಜಾಗವೇ ಉಳಿದಿಲ್ಲ ಅಂತ.

ಮೂರು ಸ್ಕ್ರೂ ಬಿಚ್ಚಿದರು. ನಾಲ್ಕನೆಯದು ಸ್ಟಿಕರಿನ ಕೆಳಗೆ ಅಡಗಿತ್ತು. ಬೆರಳಿನಲ್ಲಿ ಸವರಿ ಹುಡುಕಿದರು. ಮುಚ್ಚಳ ತೆಗೆದಾಗ ಒಳಗೆ ನೀಲಿ ಬಣ್ಣದ ಒಂದು ಸೆಲ್, ಅದರ ಮೈ ಮೇಲೆ ದಪ್ಪ ಅಕ್ಷರದಲ್ಲಿ 9900 ಎಂಎಎಚ್. ಎಂಎಎಚ್ ಅಂದರೆ ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಲೆಕ್ಕ.

ಇದು 18650 ಜಾತಿಯ ಲಿಥಿಯಂ ಸೆಲ್. ಆ ಹೆಸರೇ ಅಳತೆ: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ಅಂದರೆ ಉರುಟು. ಲ್ಯಾಪ್‌ಟಾಪಿನಲ್ಲಿ, ಪವರ್ ಬ್ಯಾಂಕಿನಲ್ಲಿ, ಕೆಲವು ಎಲೆಕ್ಟ್ರಿಕ್ ಸ್ಕೂಟರಿನಲ್ಲೂ ಇದೇ ಅಳತೆಯ ಸೆಲ್ ಇರುತ್ತದಂತೆ. ಅಂಗಡಿಯವರು ಅದನ್ನು ಬಿಡಿಸಿ ತಕ್ಕಡಿ ಮೇಲಿಟ್ಟರು. 31 ಗ್ರಾಂ. ಆಮೇಲೆ ತಮ್ಮ ಡ್ರಾಯರಿನಿಂದ ಇನ್ನೊಂದು ಸೆಲ್ ತೆಗೆದು ಇಟ್ಟರು. 45 ಗ್ರಾಂ.

"ಒಳಗೆ ಸರಕು ಇದ್ದರೆ ತೂಕ ಇರ್ತದೆ ಅಕ್ಕಾ. ಈ ಅಳತೆಯ ಸೆಲ್ಲಿನಲ್ಲಿ ಎಷ್ಟೇ ದೊಡ್ಡ ಕಂಪನಿ ಮಾಡಿದರೂ 3500 ಆಸುಪಾಸು ಹಿಡಿಸಬಹುದು. 9900 ಅಂತ ಬರೆದಿದೆ ಅಂದ್ರೇನೇ ಸುಳ್ಳು."

ನನಗೆ ಆ ತಕ್ಕಡಿ ಈಗ ಅರ್ಥವಾಯಿತು. ಅಡಿಕೆ ಮಾರುವ ನಮಗೆ ತೂಕದ ಭಾಷೆ ಗೊತ್ತು. ಎರಡು ಸೆಲ್ ಅಕ್ಕಪಕ್ಕ ಇಟ್ಟು ತೂಗಿ ತೋರಿಸಿದ ಮೇಲೆ ಬೇರೆ ವಿವರಣೆಯೇ ಬೇಕಿರಲಿಲ್ಲ.

ಆದರೂ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಮೀಟರಿನ ಕಡ್ಡಿಗಳನ್ನು ಸೆಲ್ಲಿನ ಎರಡು ತುದಿಗೆ ಹಿಡಿದರು. 3.21 ವೋಲ್ಟ್. "ಸುಮ್ನೆ ನೋಡಿದರೆ ಇದರಲ್ಲಿ ಇನ್ನೂ ಜೀವ ಇದೆ ಅನ್ಸುತ್ತೆ ಅಲ್ವಾ? ಈಗ ನೋಡಿ." ಸೆಲ್ಲನ್ನು ಮತ್ತೆ ಬೋರ್ಡಿಗೆ ತಾಗಿಸಿ, ನನ್ನ ಕೈಗೆ ಲೈಟಿನ ಸ್ವಿಚ್ ಕೊಟ್ಟು, ಜೋರು ಬೆಳಕಿಗೆ ಹಾಕಲು ಹೇಳಿದರು. ಹಾಕಿದೆ. ಮೀಟರಿನ ಅಂಕಿ 3.21ರಿಂದ ಜಾರಿ 2.2ಕ್ಕೆ ಬಂತು. ಅದೇ ಗಳಿಗೆಯಲ್ಲಿ ಲೈಟು ಗಕ್ಕನೆ ಆರಿತು. ಸಂಕದ ಮೇಲೆ ಆರಿದ ಹಾಗೆಯೇ. ಆರಿದ ಮೇಲೆ ಮೀಟರು ಮೆಲ್ಲಗೆ ಹತ್ತಿ ಮತ್ತೆ 3.2 ತೋರಿಸತೊಡಗಿತು. ನನಗೆ ಮೈ ಜುಂ ಅಂದಿತು. ಎರಡು ವಾರದಿಂದ ಭೂತಚೇಷ್ಟೆಯ ಹಾಗೆ ಕಾಡಿದ್ದು ಕಣ್ಣೆದುರಿಗೆ ಅಂಕಿಯಾಗಿ ನಿಂತಿತ್ತು.

ಸೆಲ್ಲಿನ ಒಳಗಿನ ತಡೆ ಜಾಸ್ತಿಯಾಗಿದೆ ಅಂದರು. ಅದನ್ನು ಅಳೆಯುವ ಬೇರೆ ಸಣ್ಣ ಮೀಟರೇ ಇದೆ. ಒಳ್ಳೆಯ ಸೆಲ್ಲಿಗೆ 30-40 ಮಿಲಿಓಮ್ ಇದ್ದರೆ ನನ್ನದಕ್ಕೆ 480. ಜೋರು ಬೆಳಕಿಗೆ ಸುಮಾರು ಎರಡು ಆಂಪಿಯರ್ ಬೇಕು. ಅಷ್ಟು ಎಳೆದಾಗ ಒಂದು ವೋಲ್ಟ್ ಒಳಗೇ ಇಂಗಿಹೋಗುತ್ತದೆ. ಕಾವಲು ಐಸಿಗೆ 2.4 ವೋಲ್ಟಿಗಿಂತ ಕೆಳಗೆ ಬಂದದ್ದು ಕಂಡರೆ ಸಾಕು, ಬಾಗಿಲು ಹಾಕುತ್ತದೆ. ಆಲೆಮನೆಯಲ್ಲಿ ಕಬ್ಬಿನ ಹಾಲು ಹರಿಯುವ ಕೊಳವೆಗೆ ಸಿಪ್ಪೆ ಕಟ್ಟಿದ ಹಾಗೆ: ಡ್ರಮ್ಮಿನಲ್ಲಿ ಹಾಲು ಇದೆ, ಹನಿಹನಿ ಬಿಟ್ಟರೆ ಬರುತ್ತದೆ, ಒಮ್ಮೆಲೇ ಬಿಟ್ಟರೆ ಇಲ್ಲ. ಈ ಹೋಲಿಕೆ ಅವರದಲ್ಲ, ನನ್ನದು. ಹೇಳಿದ್ದಕ್ಕೆ ಅವರು ಹೌದು ಹೌದು ಅಂತ ತಲೆ ಅಲ್ಲಾಡಿಸಿದರು.

ಬೋರ್ಡಿನ ಸರದಿ ಆಮೇಲೆ. ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು. ಭೂತಗನ್ನಡಿಯ ಕೆಳಗಿಟ್ಟು ನನ್ನನ್ನೂ ಕರೆದು ತೋರಿಸಿದರು. ಎಂಟು ಕಾಲಿನ ಒಂದು ಐಸಿ, ಟಿಪಿ4056. ಚಾರ್ಜಿನ ಉಸ್ತುವಾರಿ ಅದರದ್ದು. ಮೊದಲು ಒಂದೇ ಹದದಲ್ಲಿ ಕರೆಂಟು ಕೊಟ್ಟು, ಸೆಲ್ 4.2 ವೋಲ್ಟಿಗೆ ಬಂದ ಮೇಲೆ ಕೊಡುವುದನ್ನು ಕಡಿಮೆ ಮಾಡುತ್ತಾ ನಿಲ್ಲಿಸುತ್ತದೆ. ಅದರ ಪಕ್ಕದಲ್ಲಿ ಆರು ಕಾಲಿನ ಪುಟ್ಟ ಐಸಿ, ಡಿಡಬ್ಲ್ಯೂ01. ಅದೇ ಕಾವಲು. ಅದರ ಮಾತು ಕೇಳಿ ಬಾಗಿಲು ಹಾಕಿ ತೆಗೆಯುವ ಇನ್ನೊಂದು ಎಂಟು ಕಾಲಿನದು. ಇಷ್ಟೇ. ಈ ಮೂರು ಸರಿ ಇವೆಯಾ ಅಂತ ನೋಡಲು ಅವರು ತಮ್ಮ ಒಳ್ಳೆಯ ಸೆಲ್ಲನ್ನು ಬೋರ್ಡಿಗೆ ತಾಗಿಸಿ, ಚಾರ್ಜರ್ ವಯರಿನ ಮಧ್ಯೆ ಯುಎಸ್‌ಬಿ ಮೀಟರ್ ಸಿಕ್ಕಿಸಿದರು. 5.04 ವೋಲ್ಟ್, 0.92 ಆಂಪಿಯರ್. ಲೈಟನ್ನು ಜೋರಾಗಿ ಹಾಕಿದರು. ಆರಲಿಲ್ಲ.

"ಬೋರ್ಡ್ ಬಂಗಾರದ ಹಾಗಿದೆ," ಅಂದರು. ಇದನ್ನೇ ಇನ್ನೊಂದು ಕಡೆ ಹೋಗಿದೆ ಅಂದಿದ್ದರು, ನೋಡಿ. ಗಕ್ಕನೆ ಆರಿಸಿ ನನ್ನನ್ನು ಹೆದರಿಸಿದ ಬೋರ್ಡೇ ಆ ಹಾಳು ಸೆಲ್ ಪೂರ್ತಿ ಇಂಗಿ ಅಪಾಯಕ್ಕೆ ಹೋಗದ ಹಾಗೆ ತಡೆದಿತ್ತು.

ಚಾರ್ಜಿಂಗ್ ಪೋರ್ಟಿನಲ್ಲಿ ಮಾತ್ರ ಕಿಲುಬು ಇತ್ತು. ಪಿನ್ನುಗಳ ಮಧ್ಯೆ ಹಸಿರು ಪುಡಿ. ಹೋದ ಮಳೆಗಾಲದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗೋಡೆಗೆ ತೂಗುಹಾಕಿದ ಚೀಲಕ್ಕೂ ಬೂಸ್ಟು ಬರುತ್ತದೆ, ತಾಮ್ರಕ್ಕೆ ಕಿಲುಬು ಬಾರದೆ ಇರುತ್ತದಾ? ಜೊತೆಗೆ ಹಣೆಯ ಬೆವರಿನ ಉಪ್ಪು ಬೇರೆ. ಸ್ಪಿರಿಟ್ ಹಾಕಿ ಬ್ರಶ್ಶಿನಲ್ಲಿ ಉಜ್ಜಿದರು, ಊದಿದರು, ಮತ್ತೆ ಉಜ್ಜಿದರು. ಭೂತಗನ್ನಡಿಯಲ್ಲಿ ಪಿನ್ನು ಹೊಳೆಯುವವರೆಗೆ ಬಿಡಲಿಲ್ಲ.

ಆಗ ನನಗೆ ಇನ್ನೊಂದು ದೂರು ನೆನಪಾಯಿತು. ಹೊಸ ಫೋನಿನ ಜೊತೆ ಬಂದ ಚಾರ್ಜರಿಗೆ ಈ ಲೈಟು ಹಚ್ಚಿದರೆ ಚಾರ್ಜೇ ಆಗುವುದಿಲ್ಲ, ಹಳೇ ಚಾರ್ಜರಿಗೆ ಮಾತ್ರ ಆಗುತ್ತದೆ. ಪೋರ್ಟ್ ಹಾಳಾಗಿದೆ ಅಂತಲೇ ನಾನು ತಿಳಿದಿದ್ದೆ. ಅವರು ವಯರು ಎಂಥದು ಅಂತ ಕೇಳಿದರು. ಎರಡೂ ತುದಿ ಟೈಪ್-ಸಿ. "ಅದಕ್ಕೇ. ಇದು ರಿಪೇರಿಯೇ ಅಲ್ಲ," ಅಂದರು. ಎರಡೂ ಕಡೆ ಟೈಪ್-ಸಿ ಇರುವ ವಯರಿನಲ್ಲಿ ಆಚೆ ತುದಿಗೆ ಯಾರಾದರೂ ಇದ್ದಾರೆ ಅಂತ ಗೊತ್ತಾಗದೆ ಚಾರ್ಜರು ಕರೆಂಟೇ ಬಿಡುವುದಿಲ್ಲ. ಅದನ್ನು ತಿಳಿಸಲು ಪೋರ್ಟಿನ ಬಳಿ 5.1 ಕಿಲೋಓಮ್‌ನ ಎರಡು ಸಣ್ಣ ರೆಸಿಸ್ಟರ್ ಬೇಕು. ಅಗ್ಗದ ಲೈಟು, ಟ್ರಿಮ್ಮರುಗಳಲ್ಲಿ ಕೆಲವೇ ಪೈಸೆ ಉಳಿಸಲು ಅದನ್ನೇ ಬಿಟ್ಟಿರುತ್ತಾರೆ. ಹಳೇ ಅಗಲ ಮೂತಿಯ ಯುಎಸ್‌ಬಿ ಚಾರ್ಜರಿನಲ್ಲಿ ಈ ವಿಚಾರಣೆ ಇಲ್ಲ, ಸಿಕ್ಕಿಸಿದ ಕೂಡಲೇ ಕರೆಂಟು ಬರುತ್ತದೆ. "ಹಳೇ ವಯರೇ ಬಳಸಿ ಅಕ್ಕಾ. ಇದಕ್ಕೆ ದುಡ್ಡು ಕೊಡಬೇಡಿ, ಎಲ್ಲೂ." ಇಂಥ ವಸ್ತುಗಳನ್ನು ಪೋರ್ಟ್ ಹೋಯಿತು ಅಂತ ಎಷ್ಟು ಜನ ಎಸೆದಿರಬಹುದು ಅಂತ ಯೋಚಿಸಿ ನನಗೆ ಬೇಸರವಾಯಿತು. ನಾನೂ ಒಂದು ಟ್ರಿಮ್ಮರ್ ಎಸೆದಿದ್ದೇನೆ.

ನಿಜವಾಗಿ ನನ್ನನ್ನು ಹೆದರಿಸಿದ್ದು ಹಳೇ ಸೆಲ್ಲಿನ ನೀಲಿ ಸಿಪ್ಪೆ. ಮೊದಲು ಹಾಕಿದವರು ಸೆಲ್ಲಿನ ತುದಿಗೆ ನೇರವಾಗಿ ಕಾದ ಬೆಸುಗೆ ಕಡ್ಡಿ ಒತ್ತಿ ವಯರು ಅಂಟಿಸಿದ್ದರು. ಪ್ಲಸ್ ಕಡೆಯ ಸಿಪ್ಪೆ ಸುಟ್ಟು ಸುರುಟಿತ್ತು. ಒಳಗಿನ ತಗಡು ಕಾಣುತ್ತಿತ್ತು. ನಾನು ಪ್ಲಸ್ ಒಂದು ತುದಿ, ಮೈನಸ್ ಇನ್ನೊಂದು ತುದಿ, ಮಧ್ಯೆ ಬರೀ ಡಬ್ಬಿ ಅಂತಲೇ ತಿಳಿದಿದ್ದೆ. ಹಾಗಲ್ಲವಂತೆ. ಆ ಉರುಟು ಡಬ್ಬಿ ಪೂರ್ತಿ ಮೈನಸ್. ಪ್ಲಸ್ ಗುಂಡಿಯ ಸುತ್ತಲಿನ ಅಂಚಿನವರೆಗೂ ಮೈನಸ್ಸೇ. ಎರಡಕ್ಕೂ ಮಧ್ಯೆ ಒಂದೆರಡು ಮಿಲಿಮೀಟರ್ ಜಾಗ, ಒಂದು ಕಾಗದದ ಬಳೆ ಮತ್ತು ಆ ತೆಳ್ಳಗಿನ ಸಿಪ್ಪೆ. ನನ್ನ ಸೆಲ್ಲಿಗೆ ಬಳೆಯೇ ಇರಲಿಲ್ಲ. ಸಿಪ್ಪೆ ಸುಟ್ಟಿತ್ತು. ಪ್ಲಸ್ಸಿಗೆ ಹೋಗುವ ವಯರು ಆ ಅಂಚಿನ ಮೇಲೆಯೇ ಮಲಗಿತ್ತು. ಅದರ ರಬ್ಬರು ಸವೆದಿದ್ದರೆ ಬೆಂಕಿ. ಕಾವಲು ಐಸಿ ಇದ್ದರೂ ಇದನ್ನು ತಡೆಯಲಾರದು, ಯಾಕೆಂದರೆ ಈ ಶಾರ್ಟು ಅದರ ಬಾಗಿಲಿಗಿಂತ ಒಳಗಡೆ. ಅದನ್ನು ನಾನು ಹಣೆಗೆ ಕಟ್ಟಿಕೊಂಡು ಎರಡು ತಿಂಗಳು ತಿರುಗಿದ್ದೆ.

ಅದೇ ಮಾತಿಗೆ ಅವರು ವೇಪ್, ಅಂದರೆ ಬ್ಯಾಟರಿಯ ಇ-ಸಿಗರೇಟಿನ ವಿಷಯ ತೆಗೆದರು. ಹೊರದೇಶಗಳಲ್ಲಿ ವೇಪ್ ಸೇದುವವರು ಇದೇ 18650 ಸೆಲ್ಲುಗಳನ್ನು ಬಿಡಿಬಿಡಿಯಾಗಿ ಪ್ಯಾಂಟಿನ ಜೇಬಿನಲ್ಲಿ ಕೀಲಿಕೈ, ಚಿಲ್ಲರೆ ಜೊತೆ ಹಾಕಿಕೊಂಡು ತೊಡೆ ಸುಟ್ಟುಕೊಂಡದ್ದಿದೆ. ನಾಣ್ಯ ಒಂದು ಗುಂಡಿಗೂ ಅಂಚಿಗೂ ತಾಗಿದರೆ ಸಾಕು. ನಮ್ಮ ದೇಶದಲ್ಲಿ ಇ-ಸಿಗರೇಟು 2019ರಿಂದಲೇ ನಿಷೇಧ. ತಯಾರಿಸುವುದು, ತರಿಸುವುದು, ಮಾರುವುದು, ದಾಸ್ತಾನು ಇಡುವುದು ಎಲ್ಲವೂ ಅಪರಾಧ. ಆದರೂ ಕೆಲವು ತಿಂಗಳ ಹಿಂದೆ ಒಬ್ಬ ಕಾಲೇಜು ಹುಡುಗ ಒಂದನ್ನು ಕರ್ಚೀಫಿನಲ್ಲಿ ಸುತ್ತಿ ತಂದಿದ್ದನಂತೆ. ಸೇದದೇ ಇದ್ದರೂ ತಾನೇ ಬಿಸಿಯಾಗುತ್ತಿತ್ತು. ಅದರೊಳಗೂ ಇರುವುದು ಇಷ್ಟೇ: ಒಂದು ಲಿಥಿಯಂ ಸೆಲ್, ಒಂದು ಪುಟ್ಟ ಬೋರ್ಡ್, ಉಸಿರು ಎಳೆದದ್ದನ್ನು ಕಂಡುಹಿಡಿಯುವ ಸೆನ್ಸರ್, ಕಾಯುವ ಸುರುಳಿ. ಆ ಸೆನ್ಸರಿಗೆ ದ್ರವದ ಪಸೆ ಹೋದರೆ ಯಾರೋ ಎಳೆಯುತ್ತಿದ್ದಾರೆ ಅಂತ ತಿಳಿದು ಸುರುಳಿಯನ್ನು ಕಾಯಿಸುತ್ತಲೇ ಇರುತ್ತದೆ. ಹುಡುಗ ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದನಂತೆ.

"ರಿಪೇರಿ ಮಾಡಲ್ಲ ಅಂದೆ. ಹಾಗೇ ವಾಪಸ್ ಕೊಟ್ಟು ಕಳಿಸಲೂ ಮನಸ್ಸಾಗಲಿಲ್ಲ," ಅಂದರು. ಒಂದೊಂದೇ ವಯರು ಕತ್ತರಿಸಿ, ತುದಿಗೆ ಟೇಪ್ ಸುತ್ತಿ, ಸೆಲ್ಲನ್ನು ಆ ಮರಳಿನ ಡಬ್ಬದಲ್ಲಿ ಹೂತಿಟ್ಟರಂತೆ. ಹುಡುಗನಿಗೆ ಬೈಯಲಿಲ್ಲ. ಕೂರಿಸಿ, ಚಾ ತರಿಸಿಕೊಟ್ಟು, ಬಿಡು ತಮ್ಮಾ ಅಂದರಂತೆ. ದುಡ್ಡು ಸಿಗುವ ಕೆಲಸವನ್ನು ಮಾಡಲ್ಲ ಅನ್ನುವ ಅಂಗಡಿಯವರು ನನಗೆ ಬಹಳ ಸಿಕ್ಕಿಲ್ಲ.

ಹೊಸ ಸೆಲ್ಲಿಗೆ ನನ್ನ ಮುಂದೆ ಎರಡು ದಾರಿ ಇಟ್ಟರು. ಹಳೇ ಲ್ಯಾಪ್‌ಟಾಪ್ ಬ್ಯಾಟರಿಯಿಂದ ತೆಗೆದು ಪರೀಕ್ಷೆ ಮಾಡಿದ್ದು 90 ರೂಪಾಯಿ. ಹೊಸದು, 2600 ಎಂಎಎಚ್, 280 ರೂಪಾಯಿ. ಹಳೇದರ ಮೇಲೆ ಪೆನ್ನಿನಲ್ಲಿ ಅದರ ಸಾಮರ್ಥ್ಯ, ಒಳಗಿನ ತಡೆ ಬರೆದಿದ್ದರು. ಮನೆಯೊಳಗಿನ ಎಮರ್ಜೆನ್ಸಿ ಲೈಟಿಗೆ ಅದು ಸಾಕು, ರಾತ್ರಿ ತೋಟಕ್ಕೆ ಇಳಿಯುವವರಿಗೆ ಹೊಸದೇ ಹಾಕಿಸಿಕೊಳ್ಳಿ ಅಂದರು. ಅದೇ ಹಾಕಿಸಿದೆ.

ಎರಡು ವೋಲ್ಟಿಗಿಂತ ಕೆಳಗೆ ಇಳಿದು ಬಹಳ ದಿನ ಬಿದ್ದಿದ್ದ ಸೆಲ್ಲನ್ನು ಮಾತ್ರ ಅವರು ಯಾರಿಗೂ ಹಾಕುವುದಿಲ್ಲ. ಸತ್ತ ಸೆಲ್ಲಿಗೆ ಇನ್ನೊಂದು ಬ್ಯಾಟರಿಯಿಂದ ಒತ್ತಾಯದ ಕರೆಂಟು ಕೊಟ್ಟು ಎಬ್ಬಿಸುವ ವೀಡಿಯೊಗಳನ್ನು ನನ್ನ ಮೈದುನ ನೋಡುತ್ತಿರುತ್ತಾನೆ. ಅದನ್ನು ಕೇಳಿದ್ದಕ್ಕೆ ಅಂಗಡಿಯವರ ಮುಖ ಗಂಭೀರವಾಯಿತು. ಅಷ್ಟು ಖಾಲಿಯಾದ ಸೆಲ್ಲಿನಲ್ಲಿ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇಡದ ಜಾಗದಲ್ಲಿ ಹೋಗಿ ಕೂರುತ್ತದೆ. ಇವತ್ತು ಲೈಟು ಹತ್ತೀತು, ಮುಂದೊಂದು ರಾತ್ರಿ ಚಾರ್ಜಿಗಿಟ್ಟಾಗ ಒಳಗೇ ಶಾರ್ಟ್ ಆದೀತು. "ಮಾಡಬೇಡ ಅಂತ ಅವನಿಗೆ ಹೇಳಿ. ನಾನು ಹೇಳಿದೆ ಅಂತ ಹೇಳಿ."

ಹೊಸ ಸೆಲ್ಲಿಗೆ ಅವರು ಬೆಸುಗೆ ಕಡ್ಡಿ ಮುಟ್ಟಿಸಲಿಲ್ಲ. ಪ್ಲಸ್ ಗುಂಡಿಯ ಸುತ್ತ ಕಾಗದದ ಬಳೆ ಅಂಟಿಸಿದರು. ನಿಕ್ಕಲ್ ಪಟ್ಟಿ ಇಟ್ಟು, ಸ್ಪಾಟ್ ವೆಲ್ಡಿಂಗ್ ಯಂತ್ರದ ಎರಡು ಮೂತಿ ಒತ್ತಿದರು. ಟಕ್. ಸಾಸಿವೆ ಕಾಳಿನಷ್ಟು ಎರಡು ಚುಕ್ಕೆ ಬಿತ್ತು. ಇನ್ನೊಂದು ತುದಿಗೂ ಟಕ್. ಬೆರಳಿಟ್ಟು ನೋಡಿ ಅಂದರು, ಸೆಲ್ ಬಿಸಿಯೇ ಆಗಿರಲಿಲ್ಲ. ವಯರನ್ನು ಪಟ್ಟಿಯ ಆಚೆ ತುದಿಗೆ ಬೆಸೆದರು, ಸೆಲ್ಲಿಗೆ ಶಾಖ ಹೋಗದಷ್ಟು ದೂರದಲ್ಲಿ.

ಆಮೇಲೆ ಪೇಟೆ ಕೆಲಸ ಮುಗಿಸಿಕೊಂಡು ಬನ್ನಿ ಅಂದರು. ಪೂರ್ತಿ ಚಾರ್ಜ್ ಮಾಡಿ, ಎಲ್ಲಿ ನಿಲ್ಲಿಸುತ್ತದೆ ನೋಡಿ, ಜೋರು ಬೆಳಕಿನಲ್ಲಿ ಆರುವವರೆಗೆ ಉರಿಸಿಯೇ ಕೊಡುವುದು. ಇದಕ್ಕೆ ಹೊತ್ತು ಬೇಕು. ನಾನು ಹಿಂಡಿ ಚೀಲ ತಗೊಂಡು, ಮಾರಿಕಾಂಬೆಗೆ ಕೈಮುಗಿದು, ಅತ್ತೆಯ ಕನ್ನಡಕ ರಿಪೇರಿ ಮಾಡಿಸಿ ಸಂಜೆ ಐದಕ್ಕೆ ಬಂದೆ. ಚೀಟಿಯ ಹಿಂದೆ ಬರೆದಿದ್ದರು: 4.19ಕ್ಕೆ ಚಾರ್ಜ್ ನಿಂತಿತು. ಜೋರಿನಲ್ಲಿ 1 ಗಂಟೆ 20 ನಿಮಿಷ. ಮತ್ತೆ ಅರ್ಧ ಚಾರ್ಜ್ ಹಾಕಿದೆ. ಸೆಲ್ 280, ಕೂಲಿ 120. ಒಟ್ಟು 400 ರೂಪಾಯಿ ಕೊಟ್ಟೆ. ಮನೆಯಲ್ಲಿ ನಾನೇ ಗಡಿಯಾರ ಇಟ್ಟು ನೋಡಿದೆ, ಮೆಲು ಬೆಳಕಿನಲ್ಲಿ ಐದು ಗಂಟೆಗೆ ಸ್ವಲ್ಪ ಕಡಿಮೆ ಬಂತು. ಹೊಸದಾಗಿ ತಂದಾಗಲೂ ಅಷ್ಟು ಬಂದಿರಲಿಲ್ಲ.

ಹೊರಡುವಾಗ ಅವರು ಕೇಳಿದ ಒಂದು ಪ್ರಶ್ನೆ ನನ್ನ ಅಭ್ಯಾಸವನ್ನೇ ಬದಲಿಸಿತು. "ಒದ್ದೆಯಾದರೆ ಎಲ್ಲಿ ಇಡ್ತೀರಿ?" ಬಚ್ಚಲ ಒಲೆಯ ಮೇಲಿನ ಕಟ್ಟೆಯಲ್ಲಿ. ಮಳೆಗಾಲದಲ್ಲಿ ನಮ್ಮ ಕಡೆ ಎಲ್ಲ ಮನೆಯಲ್ಲೂ ಅಷ್ಟೇ ಅಲ್ವಾ, ಬಟ್ಟೆ, ಕಂಬಳಿ, ಚಪ್ಪಲಿ ಎಲ್ಲಾ ಅಲ್ಲೇ ಒಣಗುವುದು. ಲೈಟೂ ಅಲ್ಲೇ ಇರುತ್ತಿತ್ತು. ಲಿಥಿಯಂ ಸೆಲ್ಲಿಗೆ ಶಾಖದಷ್ಟು ಕೆಟ್ಟದ್ದು ಬೇರೆ ಇಲ್ಲ ಅಂದರು. ಬಟ್ಟೆಯಲ್ಲಿ ಒರೆಸಿ, ಪೋರ್ಟಿನ ರಬ್ಬರ್ ಮುಚ್ಚಳ ತೆಗೆದು, ಫ್ಯಾನಿನ ಕೆಳಗೆ ಇಡಬೇಕು. ಪಸೆ ಆರುವ ಮೊದಲು ಚಾರ್ಜಿಗೆ ಹಾಕಬಾರದು. ಹಾಸಿಗೆ ಮೇಲೆ ಇಟ್ಟು ಚಾರ್ಜ್ ಮಾಡಬಾರದು. ಬಹಳ ದಿನ ಬಳಸದೆ ಇಡುವುದಾದರೆ ಅರ್ಧ ಚಾರ್ಜಿನಲ್ಲಿ ಇಡಬೇಕು, ಪೂರ್ತಿ ತುಂಬಿಸಿಯೂ ಅಲ್ಲ, ಖಾಲಿ ಮಾಡಿಯೂ ಅಲ್ಲ. ದೊಡ್ಡ ಚಾರ್ಜರಿಗೆ ಹಾಕಿದರೆ ಸುಟ್ಟುಹೋಗುತ್ತದಾ ಅಂತ ಕೇಳಿದೆ. ಇಲ್ಲವಂತೆ. ಬೋರ್ಡ್ ತನಗೆ ಬೇಕಾದ ಒಂದು ಆಂಪಿಯರನ್ನು ಮಾತ್ರ ತಗೊಳ್ಳುತ್ತದೆ.

ಅಂಗಡಿಯಲ್ಲಿ ಸರಿಯಿಲ್ಲದ್ದೂ ಇದೆ, ಹೇಳಲೇಬೇಕು. ಫೋನ್ ಮಾಡಿದರೆ ಎತ್ತುವುದಿಲ್ಲ. ಬಿಲ್ ಕೊಡುವುದಿಲ್ಲ, ಆ ಚೀಟಿಯೇ ಬಿಲ್ಲು. ಸೆಲ್ಲಿಗೆ ಮೂರು ತಿಂಗಳ ಗ್ಯಾರಂಟಿ ಬಾಯಿಮಾತಿನದು. ಹಳ್ಳಿಯಿಂದ ಬಸ್ಸಿನಲ್ಲಿ ಬಂದವರು ಮಧ್ಯಾಹ್ನ ಒಂದೂವರೆಗೆ ಮುಟ್ಟಿದರೆ ಮೂರರವರೆಗೆ ಬಾಗಿಲು ಹಾಕಿರುತ್ತದೆ. ಎದುರಿನ ಮೆಟ್ಟಿಲು ನಮ್ಮ ಮಾವನಂಥವರಿಗೆ ಹತ್ತಲು ಆಗದು, ಒಂದು ಹಿಡಿಕೆಯಾದರೂ ಹಾಕಿಸಬೇಕು. ಇಂಥದ್ದೇ ದಿನ ಕೊಡುತ್ತೇನೆ ಅಂತಲೂ ಹೇಳುವುದಿಲ್ಲ. ಪಕ್ಕದ ಮನೆಯವರ ಸ್ಪ್ರೇಯರಿಗೆ ಒಂಬತ್ತು ದಿನ ಹಿಡಿಯಿತು, ಕಳೆ ಔಷಧಿ ಹೊಡೆಯುವ ಹದ ತಪ್ಪಿತು ಅಂತ ಅವಳಿಗೆ ಈಗಲೂ ಸಿಟ್ಟಿದೆ. ಒಬ್ಬರೇ ಇದ್ದಾರೆ, ಕಲಿಯಲು ಒಬ್ಬ ಹುಡುಗನನ್ನಾದರೂ ಇಟ್ಟುಕೊಳ್ಳಿ ಅಂತ ನಾನೇ ಹೇಳಿದೆ. ಬಂದವರು ಆರು ತಿಂಗಳಿಗೆ ಬೆಂಗಳೂರಿಗೆ ಹೋಗುತ್ತಾರೆ ಅಂದರು.

ನನ್ನ ಹಾಳು ಸೆಲ್ಲನ್ನು ನಾನು ಮನೆಗೆ ತರಲಿಲ್ಲ. ಎರಡೂ ತುದಿಗೆ ಟೇಪ್ ಹಚ್ಚಿ ಅವರೇ ಒಂದು ಬಕೆಟ್ಟಿಗೆ ಹಾಕಿಕೊಂಡರು. ಬಕೆಟ್ ತುಂಬಿದ ಮೇಲೆ ಹುಬ್ಬಳ್ಳಿಯ ಗುಜರಿಯವರಿಗೆ ಹೋಗುತ್ತದೆ. ಬಳಸಿದ ಬ್ಯಾಟರಿಯನ್ನು ಕಂಪನಿಗಳೇ ವಾಪಸ್ ಪಡೆದು ಮರುಬಳಕೆ ಮಾಡಿಸಬೇಕು ಅನ್ನುವ ನಿಯಮ 2022ರಲ್ಲೇ ಬಂದಿದೆ. ನಮ್ಮ ಊರಿನವರೆಗೆ ಅದರ ಡಬ್ಬ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ನಮ್ಮ ಹಳ್ಳಕ್ಕೆ, ಗೊಬ್ಬರಗುಂಡಿಗೆ ಎಸೆಯುವ ಬದಲು ನೀವು ಶಿರಸಿ ಕಡೆಯವರಾದರೆ ಅಲ್ಲಿ ಕೊಟ್ಟುಬಿಡಿ, ತಗೊಳ್ಳುತ್ತಾರೆ.

ಈಗ ಮಳೆಗಾಲ ಅರ್ಧ ಕಳೆದಿದೆ. ಮೋಟರು ಹಾಕುವ ಕೆಲಸ ಇಲ್ಲ. ಆದರೂ ಬೆಳಗಿನ ಜಾವ ಕೊಟ್ಟಿಗೆಗೆ, ರಾತ್ರಿ ಗಾಳಿಮಳೆಗೆ ಮರ ಬಿದ್ದ ಸದ್ದಾದರೆ ತೋಟದ ಅಂಚಿಗೆ ಅದೇ ಲೈಟು. ಒಂದು ಸಲವೂ ಗಕ್ಕನೆ ಆರಿಲ್ಲ. ಖಾಲಿಯಾಗುವ ಮೊದಲು ಮಂಕಾಗುತ್ತಾ ಬರುತ್ತದೆ, ನನಗೆ ಮನೆ ಸೇರಲು ಹೊತ್ತು ಕೊಡುತ್ತದೆ. ಅತ್ತೆ ಮೊನ್ನೆ ಅದನ್ನು ನೋಡುತ್ತಾ, ತಾವು ಮದುವೆಯಾಗಿ ಬಂದಾಗ ಇದೇ ಮೆಟ್ಟಿಲು ಸೂಡಿ ಹಚ್ಚಿಕೊಂಡು ಇಳಿಯುತ್ತಿದ್ದದ್ದನ್ನು ಹೇಳಿದರು. ತೆಂಗಿನ ಗರಿಯ ಸೂಡಿ ಬೀಸುತ್ತಾ ಹೋದರೆ ಮಾತ್ರ ಉರಿಯುತ್ತಿತ್ತಂತೆ.

ಮಾವನ ಹಳೇ ಟಾರ್ಚನ್ನು ಹೋದ ವಾರ ಅಲ್ಲಿಗೇ ಕೊಟ್ಟು ಬಂದೆ. ಅದು ಲಿಥಿಯಂ ಅಲ್ಲ, 4 ವೋಲ್ಟಿನ ಸೀಸದ ಬ್ಯಾಟರಿ. ಹಿಂದೆ ಎರಡು ಪಿನ್ನು, ನೇರ ಗೋಡೆಯ ಪ್ಲಗ್ಗಿಗೆ ಚುಚ್ಚುವುದು. ಒಳಗೆ ಟ್ರಾನ್ಸ್‌ಫಾರ್ಮರ್ ಇಲ್ಲ, ಒಂದು ಕೆಪಾಸಿಟರ್ ಮಾತ್ರ. ಹಾಗಾಗಿ ಚಾರ್ಜಿಗಿಟ್ಟಾಗ ಒಳಗಿನ ಎಲ್ಲಾ ತಗಡಿನಲ್ಲೂ ಮನೆಯ 230 ವೋಲ್ಟ್ ಇದ್ದ ಹಾಗೆಯೇ ಲೆಕ್ಕ. ಒಡೆದ ಮುಚ್ಚಳಕ್ಕೆ ಮಾವ ಟೇಪ್ ಸುತ್ತಿ ಬಳಸುತ್ತಿದ್ದರು. ಅಂಗಡಿಯವರು ಅದನ್ನು ನೋಡಿ, ಹೀಗೇ ವಾಪಸ್ ಕೊಡುವುದಿಲ್ಲ, ಒಳಗಿನದೆಲ್ಲ ತೆಗೆದು ಲಿಥಿಯಂ ಸೆಲ್, ಚಾರ್ಜಿಂಗ್ ಬೋರ್ಡ್ ಹಾಕಿ ಕೊಡ್ತೇನೆ, 450 ಆಗ್ತದೆ, ಮಾವನವರ ಹತ್ತಿರ ಕೇಳಿ ಹೇಳಿ ಅಂದರು. ಮಾವ ಒಪ್ಪಿದ್ದಾರೆ, ಹೊರಗಿನ ಸ್ಟೀಲ್ ಮೈ ಮಾತ್ರ ಅದೇ ಇರಬೇಕಂತೆ. ಚೀಟಿಯಲ್ಲಿ ಹಾಗೇ ಬರೆದುಕೊಂಡಿದ್ದಾರೆ. ಗುರುವಾರದ ಮೇಲೆ ಬಂದು ನೋಡಿ ಅಂದಿದ್ದಾರೆ.